ಒಂದು ವೋಟಿನಿಂದ ಸತ್ತ ನರ್ಸಮ್ಮ

ಎರಡು ಲಕ್ಷ ಹದಿನಾಲ್ಕು ಸಾವಿರದ ಆರುನೂರ ಏಳು ಜನ ಸೇರಿ ಕೊಂದ ಹೆಂಗಸಿನ ಸಾವಿಗೆ ಒಬ್ಬನೇ ಒಬ್ಬ ಹೊಣೆ ಹೊತ್ತದ್ದು ಹೇಗೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆ ಒಬ್ಬರು ನಮ್ಮ ತೂಕ ಮತ್ತು ಅಳತೆ ಇಲಾಖೆಯವರೇ. ಆಫೀಸಿನಲ್ಲಿ ನನ್ನ ಪಕ್ಕದ ಮೇಜು, ಕ್ವಾರ್ಟರ್ಸಿನಲ್ಲಿ ನನ್ನ ತಲೆಯ ಮೇಲಿನ ಮನೆ. ಅಂಗಡಿ ಅಂಗಡಿ ತಿರುಗಿ ತಕ್ಕಡಿ ಪರೀಕ್ಷಿಸಿ, ಸರಿಯಿದ್ದರೆ ಸೀಸದ ಮುದ್ರೆ ಒತ್ತುವುದು ಅವರ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ತಕ್ಕಡಿಯವರು. ಇಪ್ಪತ್ತಾರು ವರ್ಷ ಒಂದು ಗ್ರಾಂ ಆಚೀಚೆ ಮಾಡದ ಮನುಷ್ಯ ಒಂದೇ ಒಂದು ಸಲ, ಅದೂ ಊಟದ ಹೊತ್ತಿನಲ್ಲಿ, ಒಂದು ಮಾತು ಹೆಚ್ಚಿಗೆ ತೂಗಿಬಿಟ್ಟರು.

ಆಗ ಊರಿಗೆ ಊರೇ ಒಂದು ಫೋನಿನ ಧಾರಾವಾಹಿಯ ಹುಚ್ಚು ಹಿಡಿಸಿಕೊಂಡಿತ್ತು. ದಿನಾ ಸಂಜೆ ಏಳು ನಿಮಿಷ. ಆರು ನಿಮಿಷ ಒಬ್ಬ ನರ್ಸಮ್ಮ ಅಳುತ್ತಾಳೆ. ಏಳನೇ ನಿಮಿಷಕ್ಕೆ ಪರದೆಯ ಮೇಲೆ ಎರಡು ಗುಂಡಿ ಮೂಡುತ್ತವೆ, ಹಸಿರು ಒಂದು, ಕೆಂಪು ಒಂದು. ಅವಳು ಪತ್ರ ಓದಬೇಕೋ ಹರಿಯಬೇಕೋ, ಬಾಗಿಲು ತೆಗೆಯಬೇಕೋ ಬೇಡವೋ, ನೋಡುವವರೇ ಒತ್ತಿ ಹೇಳಬೇಕು. ‘ಕಥೆ ನಮ್ಮದು, ತೀರ್ಪು ನಿಮ್ಮದು’ ಎಂದು ಕೆಳಗೆ ಬರೆದಿರುತ್ತಿತ್ತು. ಹಿಂದೆಲ್ಲ ಜನ ಕಥೆ ನೋಡುತ್ತಿದ್ದರು, ಅತ್ತು ಮೂಗು ಒರೆಸಿಕೊಂಡು ಏಳುತ್ತಿದ್ದರು. ಈಗ ಅಳುವುದರ ಜೊತೆಗೆ ಅಳಿಸುವ ಅಧಿಕಾರವೂ ಕೈಗೆ ಬಂತು. ಮನೆಯಲ್ಲಿ ಯಾವ ಪಲ್ಯ ಮಾಡಬೇಕೆಂದು ಯಾರೂ ಕೇಳದವರು, ಆಫೀಸಿನಲ್ಲಿ ಫ್ಯಾನಿನ ವೇಗ ಹೆಚ್ಚಿಸುವ ಹಕ್ಕೂ ಇಲ್ಲದವರು, ದಿನಕ್ಕೆ ಏಳು ನಿಮಿಷ ಇನ್ನೊಬ್ಬಳ ಹಣೆಬರಹ ಬರೆಯತೊಡಗಿದರು. ಬರೆದು ಬರೆದು ಅವರ ನಡಿಗೆಯೇ ಬದಲಾಯಿತು. ನಮ್ಮ ಹೆಡ್ ಕ್ಲಾರ್ಕ್ ಮೇಡಂ ಮೆಟ್ಟಿಲು ಹತ್ತುವಾಗ ನ್ಯಾಯಾಧೀಶರು ಪೀಠಕ್ಕೆ ಹತ್ತಿದಂತೆ ಹತ್ತುತ್ತಿದ್ದರು.

ನೂರ ಹನ್ನೆರಡನೇ ಕಂತಿನಲ್ಲಿ ನರ್ಸಮ್ಮ ಆಸ್ಪತ್ರೆಯ ಮಹಡಿಯ ಅಂಚಿನಲ್ಲಿ ನಿಂತಳು. ಹಿಂದಿನಿಂದ ದುಷ್ಟ ಮೈದುನ ಬಂದ. ಹಸಿರು ಒತ್ತಿದರೆ ಬದುಕುತ್ತಾಳೆ, ಕೆಂಪು ಒತ್ತಿದರೆ ಸಾಯುತ್ತಾಳೆ. ಮರುದಿನ ಸಂಜೆ ಆರರವರೆಗೆ ಗಡುವು.

ಮರುದಿನ ಮಧ್ಯಾಹ್ನ ಊಟದ ಡಬ್ಬಿ ತೆರೆದು ಕೂತಾಗ ಬೇರೆ ಮಾತೇ ಇರಲಿಲ್ಲ. ತಕ್ಕಡಿಯವರು ಈ ಧಾರಾವಾಹಿಯ ಒಂದು ಚೂರೂ ನೋಡಿದವರಲ್ಲ. ಅವರ ಫೋನು ಇಲಾಖೆ ಕೊಟ್ಟದ್ದು. ಮುದ್ರೆ ಒತ್ತಿದ ತಕ್ಕಡಿಯ ಫೋಟೊ ತೆಗೆದು ಕಳಿಸುವುದೊಂದು ಬಿಟ್ಟರೆ ಅದರಲ್ಲಿ ಇನ್ನೇನು ಮಾಡಬಹುದೆಂದು ಅವರು ಕೇಳಿದವರೂ ಅಲ್ಲ. ಆದರೆ ನಾಲ್ಕು ತಿಂಗಳಿನಿಂದ ಊಟದ ಹೊತ್ತಿನಲ್ಲಿ ಯಾರೂ ಅವರನ್ನು ಮಾತಾಡಿಸಿರಲಿಲ್ಲ. ಅವತ್ತು ಹೆಡ್ ಕ್ಲಾರ್ಕ್ ಮೇಡಂ ಸಾಲಾಗಿ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಎಲ್ಲರೂ ಹಸಿರು ಎಂದರು. ನಾನೂ ಹಸಿರು ಎಂದೆ. ನಾನು ನಿಜಕ್ಕೂ ಏನು ಒತ್ತಿದ್ದೆ ಎಂಬುದು ಈ ಕಥೆಗೆ ಮುಖ್ಯವಲ್ಲ.

“ತಕ್ಕಡಿಯವರೇ, ನೀವು ನೋಡಲ್ಲ ಅಲ್ವಾ? ಬಿಡಿ, ನಿಮಗೆ ಇದೆಲ್ಲ ಗೊತ್ತಾಗಲ್ಲ,” ಎಂದರು ಮೇಡಂ.

‘ಗೊತ್ತಾಗಲ್ಲ’ ಎಂಬ ಮಾತು ಅವರಿಗೆ ಚುಚ್ಚಿತು.

“ನೋಡದೇ ಏನು? ನಾನೂ ಒತ್ತಿದೆ,” ಎಂದರು.

“ಯಾವುದು?”

ಎರಡು ಬಣ್ಣದಲ್ಲಿ ಒಂದನ್ನು ಹೇಳಬೇಕಿತ್ತು. ಎಲ್ಲರೂ ಹೇಳಿದ್ದನ್ನೇ ಹೇಳಿದರೆ ನಕಲು ಮಾಡಿದಂತಾಗುತ್ತದೆ ಎಂದು ಯೋಚಿಸಿದ ಆ ಭಾಗ್ಯವಂತರು, “ಕೆಂಪು,” ಎಂದರು. ಹೇಳಿ, ತುಂಬ ತೂಕದ ಮಾತಾಡಿದವರಂತೆ ಮಜ್ಜಿಗೆ ಕುಡಿದರು.

ಮೇಡಂ ಕೈ ತುತ್ತಿನ ಸಮೇತ ಅರ್ಧದಲ್ಲೇ ನಿಂತಿತು. “ಮನಸ್ಸಾದರೂ ಹೇಗೆ ಬಂತು ನಿಮಗೆ?” ಎಂದರು.

ಏತಕ್ಕೆ ಮನಸ್ಸು ಬಂತೆಂದು ತಿಳಿಯದೆ ತಕ್ಕಡಿಯವರು ಗಂಭೀರವಾಗಿ ಹೇಳಿದರು, “ಏನ್ಮಾಡೋದು ಮೇಡಂ, ಕೆಲವೊಮ್ಮೆ ಗಟ್ಟಿ ಮನಸ್ಸು ಮಾಡಬೇಕಾಗುತ್ತೆ.”

ಸಂಜೆ ಫಲಿತಾಂಶ ಬಂತು. ಸಾಯಲಿ ಎಂದವರು ಎರಡು ಲಕ್ಷ ಹದಿನಾಲ್ಕು ಸಾವಿರದ ಆರುನೂರ ಏಳು. ಬದುಕಲಿ ಎಂದವರು ಎರಡು ಲಕ್ಷ ಹದಿನಾಲ್ಕು ಸಾವಿರದ ಆರುನೂರ ಆರು. ಮೈದುನ ತಳ್ಳಿದ. ನರ್ಸಮ್ಮ ಬಿದ್ದಳು. ಒಂದೇ ಒಂದು ವೋಟು.

ಆ ಒಂದು ವೋಟು ಯಾರದೆಂದು ಹುಡುಕಲು ನಮ್ಮ ಕ್ವಾರ್ಟರ್ಸಿನವರಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಮೂವತ್ತೆಂಟು ಮನೆಗಳಲ್ಲಿ ಯಾರನ್ನು ಕೇಳಿದರೂ ಹಸಿರು. ಎರಡು ಲಕ್ಷ ಚಿಲ್ಲರೆ ಜನ ಕೆಂಪು ಒತ್ತಿದ್ದರಲ್ಲ, ಅವರಲ್ಲಿ ಒಬ್ಬರಾದರೂ ನಮ್ಮ ಕಡೆ ಇರಬಾರದೇ? ಇರಲಿಲ್ಲ. ಕೆಂಪು ಒತ್ತಿದವರೆಲ್ಲ ಬೇರೆ ಯಾವುದೋ ಲೋಕದವರು. ನಮ್ಮಲ್ಲಿ ಒಪ್ಪಿಕೊಂಡವರು ಒಬ್ಬರೇ, ಒತ್ತದೇ ಇದ್ದವರು.

ತಕ್ಕಡಿಯವರು ಮನೆಗೆ ಬಂದಾಗ ಹೆಂಡತಿ ಬಾಗಿಲು ತೆಗೆದು, ಮುಖ ನೋಡದೆ ಒಳಗೆ ಹೋದರು. ಹಾಲಿನಲ್ಲಿ ಅತ್ತೆ ಕಾಲು ನೀಡಿ ಕೂತಿದ್ದರು. ಮೊಣಕಾಲು ನೋವಿಗೆಂದು ಎರಡು ವಾರಕ್ಕೆ ಬಂದು ಎರಡು ವರ್ಷದಿಂದ ಇದ್ದವರು ಅವರು.

“ಬಂದ್ರಾ,” ಎಂದರು ಅತ್ತೆ. “ಮಗಳನ್ನ ಎಂಥವರ ಕೈಗೆ ಕೊಟ್ಟೆ ಅಂತ ತಿಳ್ಕೊಳ್ಳೋಕೆ ನನಗೆ ಹತ್ತೊಂಬತ್ತು ವರ್ಷ ಬೇಕಾಯ್ತು.”

“ಏನಾಯ್ತು ಅತ್ತೆ?”

“ಆಫೀಸಲ್ಲಿ ಏನು ಹೇಳಿದ್ರಿ?”

“ಓ, ಅದಾ? ಅದು ಸುಮ್ನೆ ಹೇಳಿದ್ದು. ನಾನು ಏನೂ ಒತ್ತಿಲ್ಲ.”

“ಆಫೀಸಲ್ಲಿ ಹೇಳಿದ್ದು ಸುಳ್ಳೋ, ಮನೇಲಿ ಹೇಳ್ತಿರೋದು ಸುಳ್ಳೋ?”

ತಕ್ಕಡಿಯವರು ಪ್ರಾಮಾಣಿಕವಾಗಿ ಯೋಚಿಸಿದರು. “ಆಫೀಸಲ್ಲಿ ಹೇಳಿದ್ದು ಸುಳ್ಳು.”

“ಹಾಗಾದ್ರೆ ನೀವು ಸುಳ್ಳು ಹೇಳೋರು ಅಂತಾಯ್ತು. ಸುಳ್ಳು ಹೇಳೋರ ಮಾತು ನಾನು ಯಾಕೆ ನಂಬಲಿ?”

ಈ ವಾದಕ್ಕೆ ಉತ್ತರ ಕೊಡುವ ವಕೀಲರು ಈವರೆಗೆ ಹುಟ್ಟಿಲ್ಲ. ಅವತ್ತಿನಿಂದ ಅವರ ಹೆಂಡತಿ ಮಾತು ನಿಲ್ಲಿಸಿದರು. ಊಟ ಮೇಜಿನ ಮೇಲೆ ಮುಚ್ಚಿಟ್ಟಿರುತ್ತಿತ್ತು, ಬಡಿಸುವವರಿಲ್ಲ. ಹಾಸಿಗೆಯ ನಡುವೆ ದಿಂಬಿನ ಗೋಡೆ ಎದ್ದಿತು. ಏನಾದರೂ ಹೇಳಲೇಬೇಕಾದರೆ ತಾಯಿಯ ಮೂಲಕ. “ಅಮ್ಮಾ, ಗ್ಯಾಸ್ ಮುಗಿದಿದೆ ಅಂತ ಹೇಳು ಅವರಿಗೆ.” ಅವರು ಅಲ್ಲೇ ಒಂದು ಮಾರು ದೂರದಲ್ಲಿ ನಿಂತಿರುತ್ತಿದ್ದರು.

ಭಾನುವಾರ ಕ್ವಾರ್ಟರ್ಸಿನ ಸಭಾಂಗಣದಲ್ಲಿ ಸಂತಾಪ ಸಭೆ ನಡೆಯಿತು. ಸಂಘದ ಕಾರ್ಯದರ್ಶಿಗಳಾದ ಡ್ರಾಯಿಂಗ್ ಮೇಷ್ಟ್ರು ನರ್ಸಮ್ಮನ ಚಿತ್ರವನ್ನು ಬಣ್ಣದ ಪೆನ್ಸಿಲಿನಲ್ಲಿ ಬರೆದು ತಂದಿದ್ದರು. ಮೂಗು ಸ್ವಲ್ಪ ಅವರ ತಂಗಿಯದರಂತೆ ಬಂದಿತ್ತು. ಕುರ್ಚಿ ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೆಲ್ಲ ಕೂತರು. ನಮಗೆ ಹದಿನಾಲ್ಕು ವರ್ಷ ನೀರು ಬಿಟ್ಟ ವಾಲ್ವ್‌ಮನ್ ಹಿಂದಿನ ವರ್ಷ ತೀರಿಕೊಂಡಾಗ ಇದೇ ಸಭಾಂಗಣದಲ್ಲಿ ನಾಲ್ಕು ಜನ ಇದ್ದೆವು, ಅದರಲ್ಲಿ ಇಬ್ಬರು ಇನ್ನು ನೀರು ಯಾರು ಬಿಡುತ್ತಾರೆಂದು ಕೇಳಲು ಬಂದವರು. ಇರಲಿ, ಆತ ಪಾಪ ಒಂದು ಕಂತಿನಲ್ಲೂ ಕಾಣಿಸಿಕೊಂಡವನಲ್ಲ.

“ಆಕೆ ನಮ್ಮ ಮನೆಯ ಮಗಳಾಗಿದ್ದಳು,” ಎಂದರು ಮೇಷ್ಟ್ರು. “ನಾವು ಆಕೆಯನ್ನು ಕೈಯಲ್ಲಿ ಹಿಡಿದು ಬೆಳೆಸಿದೆವು.” ಫೋನನ್ನು ಎತ್ತಿ ತೋರಿಸಿದರು. “ನಮ್ಮ ನಡುವೆಯೇ ಇರುವ ಒಬ್ಬರ ಹೆಸರನ್ನು ನಾನು ಹೇಳುವುದಿಲ್ಲ.”

ಹೇಳುವ ಅಗತ್ಯವೂ ಇರಲಿಲ್ಲ. ಎಲ್ಲರೂ ತಿರುಗಿ ತಕ್ಕಡಿಯವರನ್ನು ನೋಡಿದರು. ಆಮೇಲೆ ಎರಡು ನಿಮಿಷ ಮೌನ. ಅಷ್ಟರಲ್ಲಿ ಹದಿನೇಳು ಫೋನು ಗುಂಯ್‌ಗುಟ್ಟಿದವು, ಇಬ್ಬರು ಎದ್ದು ಹೊರಗೆ ಹೋಗಿ ಮಾತಾಡಿ ಬಂದರು, ಒಬ್ಬರು ಮೌನವನ್ನು ವಿಡಿಯೊ ಮಾಡಿಕೊಂಡರು.

ಸೋಮವಾರ ಸಾಹೇಬರು ಕರೆದರು. ಅವರ ಮೇಜಿನ ಮೇಲೆ ಅಂಗಡಿಯವರ ಸಹಿಯಿದ್ದ ಒಂದು ಅರ್ಜಿ. ಒಂದು ವೋಟಿನಿಂದ ಒಂದು ಜೀವ ತೆಗೆದವರ ಕೈಗೆ ತಮ್ಮ ತಕ್ಕಡಿ ಕೊಡಲು ಮನಸ್ಸೊಪ್ಪುವುದಿಲ್ಲ ಎಂದು ಅದರಲ್ಲಿತ್ತು. ಸಹಿ ಮಾಡಿದ್ದ ಹನ್ನೊಂದು ಜನರಲ್ಲಿ ಒಂಬತ್ತು ಜನರ ತಕ್ಕಡಿಗಳನ್ನು ತಕ್ಕಡಿಯವರು ಒಂದಲ್ಲ ಒಂದು ಸಲ ಮುಟ್ಟುಗೋಲು ಹಾಕಿಕೊಂಡಿದ್ದರು.

“ನೋಡ್ರಿ,” ಎಂದರು ಸಾಹೇಬರು, “ನಾನು ಇಂಥವನ್ನೆಲ್ಲ ನೋಡೋನಲ್ಲ. ನನಗೆ ಪುರುಸೊತ್ತೂ ಇಲ್ಲ. ಆದ್ರೆ ನಲವತ್ತೆಂಟನೇ ಕಂತಿನಲ್ಲಿ ಆ ಹೆಣ್ಣುಮಗಳು ತನ್ನ ರಕ್ತ ಕೊಟ್ಟು ಅದೇ ಮೈದುನನ್ನ ಉಳಿಸಿದಾಳೆ. ಅದಾದರೂ ನಿಮಗೆ ನೆನಪಾಗಬಾರದಿತ್ತಾ?”

“ಸಾರ್, ನಾನು ಒತ್ತೇ ಇಲ್ಲ ಸಾರ್.”

“ಅದನ್ನೇ ಬರೆದುಕೊಡಿ. ಮೂರು ದಿನದೊಳಗೆ ವಿವರಣೆ. ಎರಡು ಪ್ರತಿ.”

ತಕ್ಕಡಿಯವರು ಅದೇ ದಿನ ಬರೆದುಕೊಟ್ಟರು. ‘ಸದರಿ ನರ್ಸಮ್ಮನವರ ಪರಿಚಯ ನನಗಿರುವುದಿಲ್ಲ. ಅವರ ಮೇಲೆ ನನಗೆ ಯಾವುದೇ ದ್ವೇಷವಿರುವುದಿಲ್ಲ. ಅವರು ಬಿದ್ದ ಸಮಯದಲ್ಲಿ ನಾನು ಕಿರಾಣಿ ಅಂಗಡಿಯೊಂದರಲ್ಲಿ ಐದು ಕಿಲೊ ತೂಕದ ಬಟ್ಟನ್ನು ಪರೀಕ್ಷಿಸುತ್ತಿದ್ದೆ.’ ಹೆಡ್ ಕ್ಲಾರ್ಕ್ ಮೇಡಂ ಅದನ್ನು ಫೈಲಿಗೆ ಸೇರಿಸುವ ಮೊದಲು ಒಂದು ಫೋಟೊ ತೆಗೆದು ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಗುಂಪಿನಿಂದ ಅದು ಇನ್ನೊಂದು ಗುಂಪಿಗೆ ಹೋಯಿತು. ಸಂಜೆಯೊಳಗೆ ಐದು ಕಿಲೊ ಬಟ್ಟು ಊರಿಗೆಲ್ಲ ಬಾಯಿಪಾಠವಾಗಿತ್ತು. ಎರಡು ದಿನ ಬಿಟ್ಟು ಧಾರಾವಾಹಿಯ ಕಂಪನಿಯಿಂದಲೇ ಫೋನು. ಭಾನುವಾರ ಮಧ್ಯಾಹ್ನ ಮೂರಕ್ಕೆ ನೇರ ಕಾರ್ಯಕ್ರಮ, ದಯವಿಟ್ಟು ಬರಬೇಕು, ಕಾರು ಕಳಿಸುತ್ತೇವೆ.

ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ತಕ್ಕಡಿಯವರಿಗೆ ಹೋದ ಜೀವ ಬಂದಂತಾಯಿತು. ನನ್ನ ಮನೆಗೆ ಇಳಿದು ಬಂದು ಹೇಳಿದರು:

“ಯಾರು ಒತ್ತಿದ್ರು, ಯಾರು ಒತ್ತಿಲ್ಲ, ಎಲ್ಲ ದಾಖಲೆ ಅವರ ಹತ್ರ ಇರಲೇಬೇಕಲ್ವಾ? ನಮ್ಮ ಹತ್ರ ಮುದ್ರೆಯ ದಾಖಲೆ ಇರೋ ಹಾಗೆ. ತೆಗೆದು ನೋಡಿ ಅಂತೀನಿ. ನನ್ನ ಹೆಸರಿಲ್ಲ ಅಂತ ಅವರೇ ಎಲ್ಲರ ಮುಂದೆ ಹೇಳಲಿ. ಇವಳು ಕೇಳಿದರೆ ಸಾಕು ನನಗೆ. ವಾರ ಆಯ್ತು, ಒಂದು ಮಾತಿಲ್ಲ.”

“ಹೋಗಿ ಬನ್ನಿ,” ಎಂದೆ. ನನಗೂ ನೋಡುವ ಕುತೂಹಲವಿತ್ತು.

ಭಾನುವಾರ ಸ್ಟುಡಿಯೊದಲ್ಲಿ ಅವರನ್ನು ಕನ್ನಡಿಯ ಮುಂದೆ ಕೂರಿಸಿ ಮೇಕಪ್ಪಿನವನು ಮುಖಕ್ಕೆ ಪೌಡರು ಹೊಡೆದ. “ಸ್ವಲ್ಪ ಪಾಪಪ್ರಜ್ಞೆ ಕಾಣೋ ಹಾಗೆ ಕಣ್ಣ ಕೆಳಗೆ ಕಪ್ಪು ಹಾಕ್ತೀನಿ ಸಾರ್,” ಎಂದ. ಮುಗಿಸಿಕೊಂಡು ಪಕ್ಕದ ಕೋಣೆಗೆ ನೀರು ಕುಡಿಯಲು ಹೋದರೆ, ಅಲ್ಲಿ ಒಬ್ಬ ಹೆಂಗಸು ಒಂದು ಕುರ್ಚಿಯಲ್ಲಿ ಕೂತು, ಇನ್ನೊಂದರ ಮೇಲೆ ಕಾಲು ಚಾಚಿ, ಚಹಾದಲ್ಲಿ ಬಿಸ್ಕತ್ತು ಅದ್ದಿ ತಿನ್ನುತ್ತಿದ್ದಳು. ಮೇಷ್ಟ್ರು ಬರೆದ ಚಿತ್ರದಿಂದ ಗುರುತು ಹಿಡಿಯುವುದು ಕಷ್ಟವಿತ್ತು. ಆದರೂ ಹಿಡಿದರು.

“ನೀವು... ನರ್ಸಮ್ಮ ಅಲ್ವಾ?”

“ಹೌದು. ಕೂತ್ಕೊಳ್ಳಿ. ಬಿಸ್ಕತ್ತು ತಗೊಳ್ಳಿ.”

“ನೀವು ತೀರಿಕೊಂಡಿರಿ ಅಂತ...”

“ಮುಂದಿನ ತಿಂಗಳು ಹದಿನೈದಕ್ಕೆ ವಾಪಸ್ ಬರ್ತೀನಿ. ಬೀಳೋವಾಗ ಕೆಳಗೆ ಹಾಸಿಗೆ ಸಾಗಿಸೋ ಲಾರಿ ಇತ್ತು ಅಂತ ಮಾಡ್ತಾರೆ. ಅಲ್ಲಿತನಕ ನನಗೆ ರಜೆ. ಅಕ್ಕನ ಹೆರಿಗೆ ಇದೆ, ನಾನೇ ಕೇಳಿ ತಗೊಂಡಿದ್ದು.”

ತಕ್ಕಡಿಯವರಿಗೆ ಕೂರದೆ ಗತಿಯಿರಲಿಲ್ಲ. “ಮತ್ತೆ ಜನ ವೋಟು ಹಾಕಿದ್ದು?”

“ಯಾವ ವೋಟು? ನಾನು ಬಿದ್ದಿದ್ದು ಶೂಟ್ ಆಗಿ ಇಪ್ಪತ್ತು ದಿನದ ಮೇಲೆ ಅಲ್ವಾ ಗುಂಡಿ ಬಂದಿದ್ದು? ಯಾವುದು ಒತ್ತಿದರೂ ಬೀಳೋದು ನಾನೇ.”

“ಒಂದು ವೋಟಿನ ಅಂತರ?”

“ಮೊದಲು ಐವತ್ತು ಸಾವಿರ ಅಂತ ಹಾಕಿದ್ರು. ಒಂದು ಅಂದರೆ ಇನ್ನೂ ಚೆನ್ನಾಗಿರುತ್ತೆ ಅಂತ ಯಾರೋ ಅಂದ್ರು.” ಬಿಸ್ಕತ್ತಿನ ಚೂರು ಚಹಾದಲ್ಲಿ ಮುಳುಗಿತು. ಅವಳು ಚಮಚ ಹುಡುಕಿದಳು. “ಪಾಪ, ನಿಮಗೆ ತೊಂದರೆ ಆಯ್ತಂತೆ. ನಾನೇನೂ ತಪ್ಪು ತಿಳ್ಕೊಂಡಿಲ್ಲ ನಿಮ್ಮನ್ನ.”

ಹೀಗೆ ಅವರನ್ನು ಕ್ಷಮಿಸಿದ ಮೊದಲ ವ್ಯಕ್ತಿ, ಸತ್ತವಳೇ.

ನಾವೆಲ್ಲ ಸಭಾಂಗಣದಲ್ಲಿ ದೊಡ್ಡ ಪರದೆಯ ಮುಂದೆ ಕೂತಿದ್ದೆವು. ಸಾಹೇಬರು ಮೊದಲ ಸಾಲಿನಲ್ಲಿ, ಪಕ್ಕದಲ್ಲಿ ಮೇಡಂ, ಆಮೇಲೆ ಮೇಷ್ಟ್ರು. ತಕ್ಕಡಿಯವರ ಅತ್ತೆ ಮೊಣಕಾಲು ನೋವು ಮರೆತು ಎರಡು ಮಹಡಿ ಇಳಿದು ಬಂದಿದ್ದರು. ಹೆಂಡತಿ ಗೋಡೆಯ ಪಕ್ಕ ಒಬ್ಬರೇ ಕೂತಿದ್ದರು, ಮಡಿಲಲ್ಲಿ ಫೋನು.

ಪರದೆಯ ಮೇಲೆ ತಕ್ಕಡಿಯವರು ಕಾಣಿಸಿಕೊಂಡರು. ಕಣ್ಣ ಕೆಳಗಿನ ಕಪ್ಪು ಚೆನ್ನಾಗಿ ಕೂತಿತ್ತು. ನಿರೂಪಕಿ ಹಲ್ಲು ಬಿಟ್ಟು ಮುಂದೆ ಬಾಗಿದಳು.

“ಸಾರ್, ಆ ಕೆಂಪು ಗುಂಡಿ ಒತ್ತುವಾಗ ನಿಮ್ಮ ಬೆರಳಿಗೆ ಏನನ್ನಿಸಿತು?”

“ನಾನು ಒತ್ತಿಲ್ಲಮ್ಮ. ಯಾರು ಒತ್ತಿದ್ದಕ್ಕೂ ಅರ್ಥ ಇಲ್ಲ. ಅದು ಮೊದಲೇ ಶೂಟಿಂಗ್ ಆಗಿತ್ತಂತೆ. ಲೆಕ್ಕಾನೂ ಸುಮ್ನೆ ಹಾಕಿದ್ದಂತೆ. ಆ ನರ್ಸಮ್ಮ ಇಲ್ಲೇ ಪಕ್ಕದ ಕೋಣೇಲಿ ಬಿಸ್ಕತ್ತು ತಿಂತಿದಾರೆ. ಅವರೇ ಹೇಳಿದ್ರು, ಅಕ್ಕನ ಹೆರಿಗೆಗೆ ರಜೆ ಹಾಕಿದಾರೆ. ಬೇಕಾದರೆ ಬಾಗಿಲು ತೆಗೆದು ನೋಡಿ.”

ಇನ್ನು ಈ ಕಂಪನಿಯ ಕಥೆ ಮುಗಿಯಿತು ಎಂದುಕೊಂಡೆ ನಾನು. ನನಗೆ ಆಗಿನ್ನೂ ಕಾಲದ ಪರಿಚಯ ಸರಿಯಾಗಿ ಇರಲಿಲ್ಲ. ನಿರೂಪಕಿಯ ನಗು ಕೂದಲೆಳೆಯಷ್ಟೂ ಅಲುಗಲಿಲ್ಲ. ಬಾಗಿಲು ಅಲ್ಲಿಂದ ಹತ್ತು ಹೆಜ್ಜೆ. ಆ ಕಡೆ ತಿರುಗದೆ ಅವಳು ನಮ್ಮ ಕಡೆ ತಿರುಗಿದಳು.

“ವೀಕ್ಷಕರೇ, ಇವರು ಹೇಳ್ತಿರೋದು ನಿಜಾನಾ, ಸುಳ್ಳಾ? ತೀರ್ಪು ನಿಮ್ಮದು. ನಿಮಗೆ ಮೂವತ್ತು ಸೆಕೆಂಡು.”

ಎರಡು ಗುಂಡಿ ಮೂಡಿದವು. ಎಲ್ಲರ ತಲೆ ಒಟ್ಟಿಗೆ ಕೆಳಗೆ ಬಾಗಿತು. ಸಭಾಂಗಣದ ತುಂಬ ಬೆರಳುಗಳ ಟಪಟಪ. ಅತ್ತೆ ತಮ್ಮ ಫೋನಿನಲ್ಲಿ ಒಮ್ಮೆ, ಮೇಷ್ಟ್ರ ಫೋನಿನಲ್ಲಿ ಒಮ್ಮೆ ಒತ್ತಿದರು. ಸಾಹೇಬರು ಕನ್ನಡಕ ಹಾಕಿಕೊಂಡು ಒತ್ತಿದರು. ತಕ್ಕಡಿಯವರ ಹೆಂಡತಿಯನ್ನು ನೋಡಿದೆ. ಫೋನು ಮಡಿಲಲ್ಲೇ ಇತ್ತು, ಮುಟ್ಟಿರಲಿಲ್ಲ. ನಾನು ‘ಸುಳ್ಳು’ ಒತ್ತಿದೆ. ಆ ಮನುಷ್ಯ ಇಪ್ಪತ್ತಾರು ವರ್ಷದಲ್ಲಿ ಹೇಳಿದ ಸುಳ್ಳು ಒಂದೇ ಎಂದು ನನಗೆ ಗೊತ್ತಿತ್ತು. ಆದರೆ ಪಕ್ಕದಲ್ಲಿ ಕೂತಿದ್ದವರು ನನ್ನ ಪರದೆಯನ್ನು ನೋಡುತ್ತಿದ್ದರು.

ಸುಳ್ಳು, ನೂರಕ್ಕೆ ತೊಂಬತ್ತೆರಡು.

ಜನ ಎದ್ದು ಚಪ್ಪಾಳೆ ತಟ್ಟಿದರು. ತಾವೇ ಸಾಕ್ಷಿ, ತಾವೇ ನ್ಯಾಯಾಧೀಶರು, ಕೊನೆಗೆ ತಮಗೆ ತಾವೇ ಚಪ್ಪಾಳೆ. ಇಂಥ ಅನುಕೂಲ ಹಿಂದಿನ ಯಾವ ಮನರಂಜನೆಯಲ್ಲೂ ಇರಲಿಲ್ಲ. ಪರದೆಯ ಮೇಲೆ ತಕ್ಕಡಿಯವರು ಬಾಯಿ ತೆರೆದು ಕೂತಿದ್ದರು. ಬಟ್ಟು ಇಟ್ಟ ಕಡೆ ಮೇಲೇರಿ ಖಾಲಿ ತಟ್ಟೆ ಕೆಳಗಿಳಿದದ್ದನ್ನು ಮೊದಲ ಬಾರಿ ಕಂಡವರ ಹಾಗೆ.

“ಜನರ ತೀರ್ಪು ಬಂದಾಯ್ತು,” ಎಂದರು ಸಾಹೇಬರು ಎದ್ದು ನಿಂತು. “ಇಲಾಖೆ ಅದಕ್ಕೆ ತಲೆಬಾಗಬೇಕಾಗುತ್ತೆ. ಮೇಡಂ, ನಾಳೆಯಿಂದ ಅವರು ಹಳೇ ಕಡತದ ಕೋಣೆಗೆ. ಅಲ್ಲಿ ತೂಗೋಕೆ ಏನೂ ಇಲ್ಲ.” ಮೇಡಂ ಅದನ್ನು ಫೋನಿನಲ್ಲೇ ಬರೆದುಕೊಂಡರು, ಹೊರಗೆ ಹೋಗುವ ಮೊದಲೇ ಗುಂಪಿಗೂ ಹಾಕಿದರು. ಹನ್ನೊಂದು ಹೃದಯದ ಚಿಹ್ನೆ ಬಂದವು.

ಕರೆದೊಯ್ಯಲು ಬಂದಿದ್ದ ಕಾರು ಬಿಡಲು ಬರಲಿಲ್ಲ. ಸಂಜೆ ಐದೂವರೆಗೆ ತಕ್ಕಡಿಯವರು ಬಸ್ಸಿನಿಂದ ಇಳಿದರು. ಮುಖದ ಪೌಡರು ಬೆವರಿಗೆ ಗೆರೆ ಗೆರೆಯಾಗಿತ್ತು, ಕಣ್ಣ ಕೆಳಗಿನ ಕಪ್ಪು ಕೆನ್ನೆಗಿಳಿದಿತ್ತು. ಸ್ಟಾಪಿನಲ್ಲಿ ನಾನು ಕಾಯುತ್ತಿದ್ದೆ. ಮನಸ್ಸು ಚುಚ್ಚುವುದನ್ನು ತಡೆಯಲಾರದೆ ಬಂದಿದ್ದೆ. ಕಡತದ ಕೋಣೆಯ ವಿಷಯವನ್ನೂ ನಾನೇ ಹೇಳಿದೆ.

“ನೀವು ಏನು ಒತ್ತಿದ್ರಿ?” ಎಂದು ಕೇಳಿದರು.

ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳಲು ಬಗ್ಗಿದೆ. ಅವರು ಮತ್ತೆ ಕೇಳಲಿಲ್ಲ. ಒಬ್ಬರನ್ನೇ ಮೇಲೆ ಕಳಿಸಲು ಮನಸ್ಸಾಗದೆ ಜೊತೆಗೆ ಹತ್ತಿದೆ. ಮೆಟ್ಟಿಲಿನ ತಿರುವಿನಲ್ಲಿ ನಿಂತು, “ಇವಳೂ ಒತ್ತಿದ್ಲಾ?” ಎಂದು ಮೆಲ್ಲಗೆ ಕೇಳಿದರು.

“ಇಲ್ಲ. ಅವರು ಫೋನು ಮುಟ್ಟಲೇ ಇಲ್ಲ. ನಾನೇ ನೋಡಿದೆ.”

ಅವರ ಹೆಗಲು ಸ್ವಲ್ಪ ನೆಟ್ಟಗಾಯಿತು. ಉಳಿದ ಮೆಟ್ಟಿಲುಗಳನ್ನು ಬೇಗ ಬೇಗ ಹತ್ತಿದರು.

ಬಾಗಿಲು ತೆರೆದೇ ಇತ್ತು. ಹೆಂಡತಿ ಅಲ್ಲೇ ನಿಂತಿದ್ದರು. ಹತ್ತು ದಿನಗಳ ನಂತರ ಮೊದಲ ಬಾರಿಗೆ ಗಂಡನ ಮುಖವನ್ನು ನೇರವಾಗಿ ನೋಡಿದರು.

“ರೀ, ಅವಳು ನಿಜವಾಗಲೂ ಪಕ್ಕದ ಕೋಣೇಲಿ ಇದ್ಲಾ?”

“ಇದ್ದಳು ಕಣೇ. ನನ್ನ ಜೊತೆ ಮಾತಾಡಿದಳು,” ಎಂದರು ತಕ್ಕಡಿಯವರು. “ನೀನೊಬ್ಬಳಾದರೂ ನಂಬಿದೆಯಲ್ಲ.”

“ಬಿಸ್ಕತ್ತು ಎಷ್ಟು ತಿಂದ್ಲು?”

“ಐದೋ ಆರೋ. ಯಾಕೆ?”

ಅವರ ಕಣ್ಣು ತುಂಬಿತು. “ಪಾಪ. ಆ ಮೈದುನ ಮೂರು ಕಂತಿನಿಂದ ಒಂದು ತುತ್ತು ಹಾಕಿರಲಿಲ್ಲ ಅವಳಿಗೆ. ಬದುಕಿದಾಳಲ್ಲ, ಅಷ್ಟು ಸಾಕು.”

“ಅಲ್ಲ ಕಣೇ, ಅದು ಧಾರಾವಾಹಿ. ಅವಳು ಅಕ್ಕನ ಹೆರಿಗೆಗೆ ಅಂತ ರಜೆ...”

“ಅವಳಿಗೆಲ್ಲಿಯ ಅಕ್ಕ? ಹುಟ್ಟಿದಾಗಿಂದ ಅನಾಥೆ ಅವಳು,” ಎಂದರು ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ನಿಮ್ಮ ಹತ್ರ ಸುಮ್ನೆ ಹಾಗೆ ಹೇಳಿದಾಳೆ. ಮೈದುನನಿಗೆ ತಿಳೀಬಾರದು ಅಂತ ಅಲ್ಲಿ ಬಚ್ಚಿಟ್ಕೊಂಡಿದಾಳೆ. ನೀವು ಹೋಗಿ ಎಲ್ಲರ ಮುಂದೆ ಹೇಳಿಬಿಟ್ರಿ. ಸದ್ಯ, ಜನ ಸುಳ್ಳು ಅಂದಿದ್ದು ಒಳ್ಳೇದೇ ಆಯ್ತು. ಅಮ್ಮನಿಗೂ ಅದನ್ನೇ ಒತ್ತು ಅಂತ ನಾನೇ ದೂರದಿಂದ ಸನ್ನೆ ಮಾಡಿದ್ದೆ.”

ಒಳಗಿನಿಂದ ಅತ್ತೆ, “ಎರಡು ಸಲ ಒತ್ತಿದೀನಿ,” ಎಂದರು.

ಹೆಂಡತಿ ಅಡುಗೆಮನೆಗೆ ಹೋಗಿ ತಟ್ಟೆ ತಂದರು. ಅವರೇ ನಿಂತು ಬಡಿಸಿದರು. ಅನ್ನದಿಂದ ಹಬೆ ಏಳುತ್ತಿತ್ತು. ತಕ್ಕಡಿಯವರು ಕೈ ತೊಳೆದು ಬಂದು ಕೂತರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಮ್ಮೆ ನೋಡಿದರು, ಹೆಂಡತಿಯನ್ನು ಒಮ್ಮೆ ನೋಡಿದರು. ಆಮೇಲೆ ತಟ್ಟೆಯ ಕಡೆ ನೋಡಿದರು.

“ಹೌದು, ಪಾಪ,” ಎಂದರು. “ತುಂಬಾ ಹಸಿದಿದ್ದಳು.”